ಇರುವ ಬೆಳಕು

ನಮ್ಮ ಮನೆಯಲ್ಲಿ ಸಂಜೆಯ ದೀಪ ಹಚ್ಚುವವರು ಇಂದಿಗೂ ನನ್ನ ತಾಯಿಯವರೇ. ತೊಂಬತ್ತರ ಹತ್ತಿರಕ್ಕೆ ಬಂದಿರುವ ಅವರು ದೇವರ ಮನೆಯ ಎರಡು ಬತ್ತಿಗಳ ಮುಂದೆ ಕುಳಿತು, ಕಣ್ಣು ಅರೆಮುಚ್ಚಿ, ತುಟಿಯಲ್ಲೇ ಏನನ್ನೋ ಹೇಳಿಕೊಳ್ಳುತ್ತಾರೆ. ಆ ಕಾಲು ಗಂಟೆಯನ್ನು ಚಿತ್ರವಾಗಿ ಉಳಿಸಿಕೊಳ್ಳಬೇಕೆಂದು ನನ್ನ ತಮ್ಮನ ಮಗನಿಗೆ ಆಸೆ. ಅವನ ಕ್ಯಾಮೆರಾದ ಫ್ಲಾಶ್ ಬೆಳಗಿದೊಡನೆ ಅಜ್ಜಿ ಬೆಚ್ಚಿದರು. ಚಿತ್ರದಲ್ಲಿ ಮೂಡಿದ್ದು ಬಿಳಿಚಿಕೊಂಡ ಒಂದು ಮುಖ, ಹಿಂದಿನ ಗೋಡೆಯ ಮೇಲೆ ಒಂದು ಕರಿಯ ನೆರಳು. ಅಲ್ಲಿ ದೀಪವೊಂದು ಉರಿಯುತ್ತಿತ್ತು ಎಂಬುದಕ್ಕೇ ಸಾಕ್ಷಿಯಿರಲಿಲ್ಲ. ಫ್ಲಾಶ್ ಇಲ್ಲದೆ ತೆಗೆದಾಗ ಮುಖವೆಲ್ಲ ಕಲಸಿಹೋಯಿತು. “ದೊಡ್ಡಪ್ಪ, ಒಂದು ಫಾಸ್ಟ್ ಲೆನ್ಸ್ ಕೊಳ್ಳಬೇಕು. ಅಂಗಡಿಯಲ್ಲಿ ನಾಲ್ಕು ತರಹ ತೋರಿಸುತ್ತಾರೆ. ಯಾವುದು ಅಂತ ನೀವೇ ಹೇಳಿ” ಎಂದು ಅವನು ನನ್ನ ಬಳಿಗೆ ಬಂದ.

ಅವನು ನನ್ನನ್ನು ಕೇಳಿದ್ದಕ್ಕೆ ಕಾರಣವುಂಟು. ಅಧ್ಯಾಪಕನಾಗಿದ್ದ ಕಾಲದಲ್ಲಿ ಶಾಸನಗಳ ಚಿತ್ರ ತೆಗೆಯುವ ಗೀಳು ನನಗೆ ಹತ್ತಿತ್ತು. ಆದರೆ ನಾನು ಬಳಸುತ್ತಿದ್ದುದು ತೀರ ಸಾಧಾರಣವಾದ ಲೆನ್ಸು. ಗುಡಿಯ ನವರಂಗದ ಕತ್ತಲೆಯಲ್ಲಿ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಷಟರನ್ನು ಅರ್ಧ ನಿಮಿಷ ತೆರೆದಿಟ್ಟರೆ ಅಕ್ಷರಗಳು ತಾವಾಗಿಯೇ ಮೂಡುತ್ತಿದ್ದುವು. ಎಂಟುನೂರು ವರ್ಷ ಕಾದ ಕಲ್ಲು ಇನ್ನು ಅರ್ಧ ನಿಮಿಷ ಕಾಯದೆ ಇರುವುದೇ? ಮನುಷ್ಯನ ಮುಖ ಹಾಗೆ ಕಾಯುವುದಿಲ್ಲ. ಕಲ್ಲಿಗೂ ಮುಖಕ್ಕೂ ಇರುವ ಈ ಒಂದು ವ್ಯತ್ಯಾಸದಿಂದಲೇ ನಾನು ಇಂದು ಹೇಳಹೊರಟಿರುವ ಕಥೆಯೆಲ್ಲ ಹುಟ್ಟಿತು.

ಮೊದಲು ಎರಡು ಮಾತುಗಳನ್ನು ಬಿಡಿಸಿಕೊಳ್ಳೋಣ. ‘ಲೆನ್ಸ್’ ಎಂಬುದು ಲ್ಯಾಟಿನ್ ಭಾಷೆಯಲ್ಲಿ ಒಂದು ಬೇಳೆಯ ಹೆಸರು. ಎರಡೂ ಬದಿಗೆ ಉಬ್ಬಿರುವ ಗಾಜಿನ ಬಿಲ್ಲೆ ಆ ಬೇಳೆಯಂತೆ ಕಂಡುದರಿಂದ ಅದಕ್ಕೆ ಆ ಹೆಸರು ಬಂತು. ನಮ್ಮ ಪಠ್ಯಪುಸ್ತಕಗಳನ್ನು ಬರೆದವರು ಅದನ್ನು ‘ಮಸೂರ’ ಎಂದು ಕರೆದರು. ಮಸೂರವೆಂದರೂ ಅದೇ ಬೇಳೆಯೇ. ಶಬ್ದವನ್ನು ಹೀಗೆ ಬೇಳೆಯ ಸಹಿತ ತಂದುಕೊಂಡ ಆ ಜಾಣ್ಮೆಗೆ ನಾನು ಪ್ರತಿಸಲವೂ ತಲೆದೂಗುತ್ತೇನೆ. ಇನ್ನು ‘ಫಾಸ್ಟ್’ ಎಂಬ ವಿಶೇಷಣ. ಮಸೂರವೇನೂ ಓಡುವುದಿಲ್ಲ. ಅದು ಹೆಚ್ಚು ಬೆಳಕನ್ನು ಒಳಗೆ ಬಿಟ್ಟರೆ ಚಿತ್ರ ಬೇಗ ಮುಗಿಯುತ್ತದೆ. ಆದುದರಿಂದ ಅದು ಚುರುಕು. ಎಷ್ಟು ಚುರುಕು ಎಂಬುದನ್ನು ಎಫ್ ಸಂಖ್ಯೆ ಹೇಳುತ್ತದೆ. ಮಸೂರದ ಸಂಗಮದೂರವನ್ನು ಬೆಳಕು ಹೊಗುವ ರಂಧ್ರದ ವ್ಯಾಸದಿಂದ ಭಾಗಿಸಿದರೆ ಈ ಸಂಖ್ಯೆ ದೊರೆಯುತ್ತದೆ. ಸಂಗಮದೂರ 50 ಮಿಲಿಮೀಟರು, ರಂಧ್ರ 25 ಮಿಲಿಮೀಟರು ಇದ್ದರೆ ಅದು ಎಫ್ 2. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಫ್ 2ರಿಂದ 1.4ಕ್ಕೆ ಇಳಿದರೆ ಬೆಳಕು ಇಮ್ಮಡಿಯಾಗುತ್ತದೆ. ಸಾಮಾನ್ಯವಾಗಿ ಕ್ಯಾಮೆರಾದ ಜೊತೆಗೇ ಬರುವ ಜೂಮ್ ಲೆನ್ಸು ತನ್ನ ಉದ್ದನೆಯ ತುದಿಯಲ್ಲಿ ಎಫ್ 5.6, ಸಂಗಮದೂರ ಬದಲಾಗದ, ‘ಪ್ರೈಮ್’ ಎಂದು ಕರೆಯುವ ಒಂಟಿ ಲೆನ್ಸುಗಳಲ್ಲಿ ಎಫ್ 1.8 ತೀರ ಸಾಮಾನ್ಯ. ಈ ಎರಡರ ನಡುವೆ ಹತ್ತಿರಹತ್ತಿರ ಹತ್ತು ಪಟ್ಟು ಬೆಳಕಿನ ಅಂತರವಿದೆ.

ಈ ಹತ್ತು ಪಟ್ಟಿಗಾಗಿ ಮನುಷ್ಯರು ಸುಮಾರು ಎರಡು ಶತಮಾನ ಹೆಣಗಿದ್ದಾರೆ.

1839ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರನ ವಿಧಾನ ಲೋಕಕ್ಕೆ ತಿಳಿದಾಗ ಎಲ್ಲರ ಮೊದಲ ಬಯಕೆ ಮುಖದ ಚಿತ್ರ. ಆದರೆ ಆ ಕಾಲದ ಮಸೂರ ಸುಮಾರು ಎಫ್ 15ರಷ್ಟು ಮಂದ. ಬಿಸಿಲಿನಲ್ಲಿಯೂ ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕು. ಕಟ್ಟಡಗಳು ಚೆನ್ನಾಗಿ ಬರುತ್ತಿದ್ದುವು. ಬೀದಿಯಲ್ಲಿ ನಡೆದುಹೋದ ಜನ ಮಾಯವಾಗುತ್ತಿದ್ದರು. ಈ ಕೊರತೆಯನ್ನು ನೀಗಿದಾತ ಕುಶಲಕರ್ಮಿಯಲ್ಲ, ಗಣಿತದ ಪ್ರಾಧ್ಯಾಪಕ. ವಿಯೆನ್ನಾ ವಿಶ್ವವಿದ್ಯಾಲಯದ ಯೋಸೆಫ್ ಪೆಟ್ಸ್‌ವಾಲ್ 1840ರಲ್ಲಿ ಲೆಕ್ಕಹಾಕಿ ರೂಪಿಸಿದ ಮಸೂರ ಸುಮಾರು ಎಫ್ 3.6ರದು. ಅಲ್ಲಿಯವರೆಗೆ ಮಸೂರವೆಂದರೆ ಗಾಜನ್ನು ಉಜ್ಜಿ ನೋಡಿ, ತಿದ್ದಿ, ಮತ್ತೆ ಉಜ್ಜಿ ಪಡೆಯುವ ವಸ್ತು. ಪೆಟ್ಸ್‌ವಾಲನು ಗಾಜನ್ನು ಮುಟ್ಟುವ ಮೊದಲೇ ಕಿರಣಗಳ ದಾರಿಯನ್ನು ಕಾಗದದ ಮೇಲೆ ಎಣಿಸಿದ. ಈ ದೀರ್ಘ ಗಣನೆಗೆ ನೆರವಾಗಲೆಂದು ಆಸ್ಟ್ರಿಯದ ರಾಜಮನೆತನದ ಸೇನಾಧಿಕಾರಿಯೊಬ್ಬ ಗಣಿತ ಬಲ್ಲ ಫಿರಂಗಿದಳದ ಸೈನಿಕರನ್ನು ಕೊಟ್ಟ ಸಂಗತಿ ಇತಿಹಾಸದಲ್ಲಿ ದಾಖಲಾಗಿದೆ. ಗುಂಡು ಎಲ್ಲಿ ಬೀಳುತ್ತದೆ ಎಂದು ಲೆಕ್ಕಹಾಕುತ್ತಿದ್ದವರು ಬೆಳಕು ಎಲ್ಲಿ ಬೀಳುತ್ತದೆ ಎಂದು ಲೆಕ್ಕಹಾಕಿದರು.

ಫಲ ಮಾತ್ರ ಬೆರಗಿನದು. ಬೆಳಕು ಹದಿನೈದು ಇಪ್ಪತ್ತು ಪಟ್ಟು ಹೆಚ್ಚಿತು. ನಿಮಿಷಗಳ ಕೆಲಸ ಸೆಕೆಂಡುಗಳಿಗೆ ಇಳಿಯಿತು. ಫಾಯ್ಗ್ಟ್‌ಲೆಂಡರ್ ಎಂಬ ತಯಾರಕನ ಮೂಲಕ ಆ ಮಸೂರ ಲೋಕದಲ್ಲೆಲ್ಲ ಹರಡಿತು. ಪೆಟ್ಸ್‌ವಾಲನಿಗೆ ದೊರೆತದ್ದು ಒಂದೇ ಸಲದ 2000 ಫ್ಲೋರಿನ್ನುಗಳು ಮತ್ತು ಬಾಳಿನುದ್ದದ ಜಗಳ. 1859ರಲ್ಲಿ ಅವನ ಮನೆಗೆ ಕಳ್ಳರು ನುಗ್ಗಿ ಹಸ್ತಪ್ರತಿಗಳು ಹಾಳಾದುವು. ದೃಗ್ವಿಜ್ಞಾನವನ್ನು ಕುರಿತು ಅವನು ಬರೆದಿದ್ದ ದೊಡ್ಡ ಗ್ರಂಥ ಹೀಗೆ ಬೆಳಕು ಕಾಣದೆ ಹೋಯಿತು.

ಪೆಟ್ಸ್‌ವಾಲನ ಮಸೂರಕ್ಕೆ ಒಂದು ದೋಷವಿತ್ತು. ನಡುಭಾಗ ಬಹು ಸ್ಫುಟ. ಅಂಚಿಗೆ ಹೋದಂತೆ ಎಲ್ಲವೂ ಮಸುಕು. ಮುಖದ ಚಿತ್ರಕ್ಕೆ ಅದು ದೋಷವೇ ಅಲ್ಲ, ಮುಖ ನಡುವಿನಲ್ಲಿಯೇ ಇರುತ್ತದಷ್ಟೆ. ಆದರೂ ಇಲ್ಲಿ ಒಂದು ನಿಯಮದ ಸುಳಿವಿದೆ: ಬೆಳಕನ್ನು ಹೆಚ್ಚಾಗಿ ಪಡೆದವನು ಅದಕ್ಕೆ ಬೆಲೆಯನ್ನು ಬೇರೆಲ್ಲಿಯೋ ತೆರುತ್ತಾನೆ. ಈ ನಿಯಮವನ್ನು ಮೀರಿದ ಮಸೂರ ಇನ್ನೂ ಹುಟ್ಟಿಲ್ಲ.

ಹೊರಗಿನ ಬೆಳಕಿನಲ್ಲಿ ಮುಖ ದಕ್ಕಿತು. ಮನೆಯೊಳಗಿನ ಸಂಜೆ, ಸಭಾಂಗಣದ ರಾತ್ರಿ ಇನ್ನೂ ದಕ್ಕಿರಲಿಲ್ಲ. ಅಲ್ಲಿ ಚಿತ್ರ ತೆಗೆಯಬೇಕಾದರೆ ಮೆಗ್ನೀಸಿಯಂ ಪುಡಿಯನ್ನು ಸಿಡಿಸಬೇಕಾಗಿತ್ತು. ಢಮ್ಮೆಂಬ ಸದ್ದು, ಕಣ್ಣು ಕೋರೈಸುವ ಬೆಳಕು, ಕೊಠಡಿ ತುಂಬ ಹೊಗೆ. ಚಿತ್ರದಲ್ಲಿ ಬರುತ್ತಿದ್ದವರು ತಾವು ಇದ್ದಂತೆ ಇದ್ದವರಲ್ಲ. ಸಿಡಿತಕ್ಕಾಗಿ ಮುಖ ಬಿಗಿದುಕೊಂಡು ಕುಳಿತವರು. ನಮ್ಮ ಅಜ್ಜಿ ಬೆಚ್ಚಿದ್ದು ಹೊಸದಲ್ಲ ಎಂದಾಯಿತು.

1924ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಎರ್ನೆಮನ್ ಕಾರ್ಖಾನೆ ‘ಎರ್ಮನಾಕ್ಸ್’ ಎಂಬ ಚಿಕ್ಕ ಕ್ಯಾಮೆರಾವನ್ನು ಹೊರತಂದಿತು. ಅದರ ಮುಂದಿದ್ದ ‘ಎರ್ನೋಸ್ಟಾರ್’ ಮಸೂರ ಎಫ್ 2ರದು. ಸ್ವಲ್ಪ ಕಾಲದಲ್ಲಿಯೇ ಅದು 1.8ಕ್ಕೆ ಇಳಿಯಿತು. ರೂಪಿಸಿದವನು ಇಪ್ಪತ್ತು ದಾಟಿ ಕೆಲವೇ ವರ್ಷಗಳಾಗಿದ್ದ ಲುಡ್ವಿಗ್ ಬರ್ಟೆಲೆ. ಕಣ್ಣಿಗೆ ಕಾಣುವುದೆಲ್ಲ ಚಿತ್ರಕ್ಕೂ ಸಿಗುತ್ತದೆ ಎಂಬ ಅರ್ಥದ ಘೋಷಣೆಯೊಡನೆ ಅದನ್ನು ಮಾರಿದರು. ಘೋಷಣೆ ಪೂರ್ತಿ ನಿಜವಲ್ಲ. ಆ ಕಾಲದ ಗಾಜಿನ ಫಲಕಗಳು ಮಂದವಾಗಿದ್ದುದರಿಂದ ಎಫ್ 2 ಇದ್ದರೂ ಒಳಾಂಗಣದಲ್ಲಿ ಕ್ಯಾಮೆರಾವನ್ನು ಹಲವೊಮ್ಮೆ ಮುಕ್ಕಾಲಿಯ ಮೇಲೆ ಇಡಬೇಕಾಗುತ್ತಿತ್ತು. ಒಂದೊಂದು ಚಿತ್ರಕ್ಕೂ ಒಂದೊಂದು ಫಲಕವನ್ನು ಬದಲಿಸಬೇಕಾಗಿತ್ತು. ಆದರೂ ಸದ್ದಿಲ್ಲ, ಹೊಗೆಯಿಲ್ಲ. ಇಷ್ಟು ಸಾಕಾಯಿತು.

ಯಾರಿಗೆ ಸಾಕಾಯಿತು ಎಂಬುದನ್ನು ಹೇಳಬೇಕು. ಎರಿಕ್ ಸಾಲೋಮೊನ್ 1886ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದವನು, ನ್ಯಾಯಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವನು, ಪ್ರಕಾಶನ ಸಂಸ್ಥೆಯೊಂದರ ಜಾಹೀರಾತು ವಿಭಾಗದಲ್ಲಿ ದುಡಿಯುತ್ತಿದ್ದವನು. ನಲವತ್ತು ದಾಟಿದ ಮೇಲೆ ಅವನು ಎರ್ಮನಾಕ್ಸನ್ನು ಕೈಗೆತ್ತಿಕೊಂಡ. 1928ರಲ್ಲಿ ಬರ್ಲಿನ್ನಿನ ಒಂದು ಕೊಲೆ ಮೊಕದ್ದಮೆ ನಾಡಿನ ಗಮನ ಸೆಳೆದಿತ್ತು. ನ್ಯಾಯಾಲಯದಲ್ಲಿ ಚಿತ್ರ ತೆಗೆಯುವುದು ನಿಷಿದ್ಧ. ಸಾಲೋಮೊನ್ ತನ್ನ ದುಂಡು ಟೋಪಿಗೆ ತೂತು ಮಾಡಿ, ಅದರೊಳಗೆ ಕ್ಯಾಮೆರಾವನ್ನಿಟ್ಟು ಚಿತ್ರ ತೆಗೆದ. ಫ್ಲಾಶಿನ ಕಾಲದಲ್ಲಿ ಇಂಥ ಕಳ್ಳತನ ಊಹೆಗೂ ನಿಲುಕದ್ದು.

ಅದೇ ವರ್ಷ ಆಗಸ್ಟಿನಲ್ಲಿ ಪ್ಯಾರಿಸ್ಸಿನಲ್ಲಿ, ಯುದ್ಧವನ್ನು ತ್ಯಜಿಸುವುದಾಗಿ ರಾಷ್ಟ್ರಗಳು ಕೆಲಾಗ್–ಬ್ರಿಯಾಂ ಒಪ್ಪಂದಕ್ಕೆ ಸಹಿ ಹಾಕಿದುವು. ಪೋಲೆಂಡಿನ ಪ್ರತಿನಿಧಿಯ ಬರಿದಾದ ಕುರ್ಚಿಯಲ್ಲಿ ಗಂಭೀರವಾಗಿ ಕುಳಿತಿದ್ದವನು ಸಾಲೋಮೊನ್! 1930ರ ಜನವರಿಯಲ್ಲಿ ಹೇಗ್ ನಗರದ ಸಮ್ಮೇಳನದಲ್ಲಿ ಅವನು ತೆಗೆದ ಚಿತ್ರವನ್ನು ನಾನು ಪುಸ್ತಕದಲ್ಲಿ ನೋಡಿ ಬಹಳ ಹೊತ್ತು ಪುಟ ತಿರುವಲಿಲ್ಲ. ಸರಿರಾತ್ರಿ ಕಳೆದಿದೆ. ಯುದ್ಧಪರಿಹಾರದ ಲೆಕ್ಕ ಮುಗಿದಿಲ್ಲ. ಜರ್ಮನಿ ಫ್ರಾನ್ಸುಗಳ ಮಂತ್ರಿಗಳು ಆರಾಮ ಕುರ್ಚಿಗಳಲ್ಲಿ ಕುಸಿದಿದ್ದಾರೆ, ಕೆಲವರಿಗೆ ತೂಕಡಿಕೆ. ಲೋಕದ ಹಣೆಬರಹವನ್ನು ಬರೆಯುವವರು ಕೂಡ ನಮ್ಮಂತೆ ದಣಿಯುತ್ತಾರೆ ಎಂಬುದನ್ನು ಜನ ಮೊದಲ ಬಾರಿಗೆ ಕಂಡರು. ಸಿಡಿಪುಡಿ ಸಿಡಿದಿದ್ದರೆ ಅವರೆಲ್ಲ ಎಚ್ಚೆತ್ತು, ಕೋಟು ನೆಟ್ಟಗೆ ಮಾಡಿಕೊಂಡು, ಮತ್ತೆ ಮಂತ್ರಿಗಳಾಗಿಬಿಡುತ್ತಿದ್ದರು. ಇಂಥ ಚಿತ್ರಗಳನ್ನು ಅವನು 1931ರಲ್ಲಿ ಗ್ರಂಥವಾಗಿ ತಂದ. ಎಚ್ಚರ ತಪ್ಪಿದ ಗಳಿಗೆಗಳಲ್ಲಿ ಪ್ರಸಿದ್ಧ ಸಮಕಾಲೀನರು ಎಂಬುದು ಅದರ ಹೆಸರಿನ ಅರ್ಥ.

ಬರ್ಟೆಲೆಯ ಕಡೆಗೆ ಮರಳೋಣ. ಚುರುಕು ಮಸೂರಕ್ಕೆ ದೊಡ್ಡ ಕಿಂಡಿ ಇದ್ದರೆ ಸಾಲದು. ಕಿಂಡಿ ದೊಡ್ಡದಾದಂತೆ ಅಂಚಿನ ಕಿರಣಗಳು ದಾರಿ ತಪ್ಪುತ್ತವೆ. ಅವನ್ನು ತಿದ್ದಲು ಹೆಚ್ಚು ಗಾಜುಗಳು ಬೇಕು. ಆದರೆ ಗಾಳಿಯಿಂದ ಗಾಜಿಗೆ, ಗಾಜಿನಿಂದ ಗಾಳಿಗೆ ಬೆಳಕು ದಾಟುವ ಪ್ರತಿಯೊಂದು ಮೈಯಲ್ಲಿಯೂ ನೂರಕ್ಕೆ ಸುಮಾರು ನಾಲ್ಕು ಪಾಲು ಹಿಂದಿರುಗುತ್ತದೆ. ಪೌಲ್ ರುಡಾಲ್ಫ್ ಎಂಬಾತ 1896ರಲ್ಲಿಯೇ ತ್ಸೈಸ್ ಕಂಪನಿಗಾಗಿ ‘ಪ್ಲಾನಾರ್’ ಎಂಬ ಆರು ಗಾಜುಗಳ ಸುಂದರ ವಿನ್ಯಾಸವನ್ನು ರಚಿಸಿದ್ದ. ಅದರಲ್ಲಿ ಇಂಥ ಎಂಟು ಮೈಗಳು. ಕಾಲು ಭಾಗಕ್ಕಿಂತ ಹೆಚ್ಚು ಬೆಳಕು ದಾರಿಯಲ್ಲೇ ಸೋರಿಹೋಗುತ್ತಿತ್ತು. ಸೋರಿದ್ದು ಸುಮ್ಮನಿರದೆ ಒಳಗೇ ಪುಟಿದು ಚಿತ್ರದ ಮೇಲೆ ಮಂಜಿನಂತೆ ಕವಿಯುತ್ತಿತ್ತು. ಹೀಗಾಗಿ ಉತ್ತಮ ವಿನ್ಯಾಸವೊಂದು ಹಲವು ದಶಕ ಮೂಲೆಯಲ್ಲಿ ಉಳಿಯಿತು. ಬರ್ಟೆಲೆ ಗಾಜುಗಳನ್ನು ಒಂದಕ್ಕೊಂದು ಅಂಟಿಸಿ, ಗಾಳಿಯ ಎಡೆಗಳನ್ನು ಕಡಿಮೆ ಮಾಡಿ, ‘ಸೊನ್ನಾರ್’ ಮಸೂರವನ್ನು ರೂಪಿಸಿದ. ಅದರಲ್ಲಿ ಆರೇ ಮೈಗಳು. 1932ರಲ್ಲಿ ಅದು ಎಫ್ 2 ಆಗಿ ಬಂತು, ಬೇಗನೆ 1.5 ಆಯಿತು.

ಇದಕ್ಕೆ ನಿಜವಾದ ಮದ್ದು ಒಂದು ವಿಚಿತ್ರ ಸಂಗತಿಯಿಂದ ದೊರೆಯಿತು. 1890ರ ದಶಕದಲ್ಲಿ ಇಂಗ್ಲೆಂಡಿನ ಡೆನಿಸ್ ಟೇಲರ್ ಎಂಬ ಮಸೂರತಜ್ಞ, ಹಳೆಯದಾಗಿ ಮೈ ಮಬ್ಬುಗಟ್ಟಿದ ಮಸೂರ ಹೊಸದಕ್ಕಿಂತ ಹೆಚ್ಚು ಬೆಳಕನ್ನು ಬಿಡುತ್ತದೆ ಎಂಬುದನ್ನು ಗಮನಿಸಿದ. ಕಿಲುಬು ಹಿಡಿದ ತಂಬಿಗೆಯೇ ಹೆಚ್ಚು ಹೊಳೆಯಿತು ಎಂದರೆ ಯಾರು ನಂಬುತ್ತಾರೆ? ಆದರೆ ಅದು ನಿಜ. ಗಾಜಿನ ಮೇಲೆ ಕೂತ ಅತಿ ತೆಳುವಾದ ಪೊರೆ ಪ್ರತಿಫಲನವನ್ನು ತಗ್ಗಿಸುತ್ತಿತ್ತು. ಅಂಥ ಪೊರೆಯನ್ನು ಬೇಕೆಂದೇ ಲೇಪಿಸುವ ವಿಧಾನಕ್ಕೆ 1935ರಲ್ಲಿ ತ್ಸೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಪೇಟೆಂಟು ಪಡೆದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಲೇಪನ ಸಾಮಾನ್ಯವಾಯಿತು. ರುಡಾಲ್ಫನ ಪ್ಲಾನಾರ್ ಮೂಲೆಯಿಂದ ಎದ್ದು ಬಂತು. ಇಂದು ನಾವು ಕೊಳ್ಳುವ 50 ಮಿಲಿಮೀಟರಿನ ಅಗ್ಗದ ಚುರುಕು ಮಸೂರಗಳಲ್ಲಿ ಬಹುಪಾಲು ಆ ವಂಶದವೇ.

ಅನಂತರದ್ದು ಪಂತದ ಕಥೆ, ಬೇಗ ಮುಗಿಸಬಹುದು. 1961ರಲ್ಲಿ ಜಪಾನಿನ ಕೆನಾನ್ ಎಫ್ 0.95 ತಂದಿತು. 1966ರಲ್ಲಿ ಜರ್ಮನಿಯ ಲೈಕಾ ಎಫ್ 1.2ರ ‘ನಾಕ್ಟಿಲಕ್ಸ್’ ತಂದಿತು. ಅದೇ ವರ್ಷ ತ್ಸೈಸ್, ಅಮೆರಿಕದ ನಾಸಾಗಾಗಿ ಎಫ್ 0.7ರ ಹತ್ತು ಮಸೂರಗಳನ್ನು ಮಾಡಿತು. ಅವುಗಳಲ್ಲಿ ಮೂರನ್ನು ಚಲನಚಿತ್ರ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಕೊಂಡ. ಹದಿನೆಂಟನೆಯ ಶತಮಾನದ ಕಥೆಯುಳ್ಳ ‘ಬ್ಯಾರಿ ಲಿಂಡನ್’ ಚಿತ್ರದ ಒಳಾಂಗಣ ದೃಶ್ಯಗಳನ್ನು ಮೇಣದಬತ್ತಿಯ ಬೆಳಕಿನಲ್ಲಿಯೇ ತೆಗೆಯಬೇಕೆಂಬುದು ಅವನ ಹಟ. 1975ರಲ್ಲಿ ತೆರೆಕಂಡ ಆ ಚಿತ್ರದ ಛಾಯಾಗ್ರಹಣಕ್ಕೆ ಜಾನ್ ಆಲ್ಕಾಟ್‌ಗೆ ಆಸ್ಕರ್ ಪ್ರಶಸ್ತಿ ಬಂತು. ಆದರೆ ಆ ದೃಶ್ಯಗಳನ್ನು ಗಮನವಿಟ್ಟು ನೋಡಿದರೆ ಒಂದು ಸಂಗತಿ ತಿಳಿಯುತ್ತದೆ: ಅಲ್ಲಿ ಯಾರೂ ಹೆಚ್ಚು ಅಲುಗಾಡುವುದಿಲ್ಲ. ನಟನು ಗೇಣು ಮುಂದೆ ಬಾಗಿದರೆ ಮುಖ ಮಸುಕಾಗುತ್ತಿತ್ತು. ದೂರವನ್ನು ಅಳೆಯಲು ಪಕ್ಕದಲ್ಲಿ ಇನ್ನೊಂದು ಕ್ಯಾಮೆರಾ ಇಡಬೇಕಾಯಿತು. ಮುಖ ಕಾಯುವುದಿಲ್ಲ ಎಂದು ಹೊರಟ ಹುಡುಕಾಟ ತನ್ನ ತುತ್ತತುದಿಯನ್ನು ಮುಟ್ಟಿದಾಗ ಮುಖವನ್ನು ಮತ್ತೆ ಕಾಯಲು ಹೇಳಿತು!

ನನ್ನ ತಮ್ಮನ ಮಗನಿಗೆ ನಾನು ಮೊದಲು ಹೇಳಿದ್ದು ಈ ಕಥೆಯನ್ನೇ. ಅಂಗಡಿಯಲ್ಲಿ ಅವನ ಕಣ್ಣು ಎಫ್ 1.2ರ ಮೇಲೆ ಬಿದ್ದಿತ್ತು. ಬೆಲೆ ಹಲವು ಪಟ್ಟು, ತೂಕವೂ ಹಾಗೆಯೇ. ನಾನು ಕಾಗದ ತೆಗೆದು ಲೆಕ್ಕ ತೋರಿಸಿದೆ. ದೊಡ್ಡ ಸಂವೇದಕದ ಕ್ಯಾಮೆರಾದಲ್ಲಿ 50 ಮಿಲಿಮೀಟರಿನ ಮಸೂರವಿಟ್ಟು ಒಂದು ಮೀಟರು ದೂರದಿಂದ ಮುಖದ ಚಿತ್ರ ತೆಗೆದರೆ, ಎಫ್ 1.8ರಲ್ಲಿ ಸ್ಫುಟವಾಗಿ ಬರುವ ಆಳ ಸುಮಾರು ನಾಲ್ಕು ಸೆಂಟಿಮೀಟರು. 1.2ರಲ್ಲಿ ಮೂರಕ್ಕಿಂತ ಕಡಿಮೆ. ಮೂಗಿನ ತುದಿಯಿಂದ ಕಿವಿಯವರೆಗೆ ಹತ್ತು ಸೆಂಟಿಮೀಟರಿಗೂ ಹೆಚ್ಚಿದೆ. ಕಣ್ಣು ಸ್ಫುಟವಾದರೆ ಕಿವಿ ಮಸುಕು. ಅಜ್ಜಿ ತುಸು ತೂಗಿದರೆ ಕಣ್ಣೂ ಮಸುಕು.

ಎರಡನೆಯದಾಗಿ, ಅವನ ಕ್ಯಾಮೆರಾದ ಸಂವೇದಕ ಚಿಕ್ಕದು. ಅದರಲ್ಲಿ 50 ಮಿಲಿಮೀಟರಿನ ಮಸೂರ 75ರಂತೆ ಇಕ್ಕಟ್ಟಾಗಿ ನೋಡುತ್ತದೆ. ನಮ್ಮ ದೇವರ ಮನೆಯಲ್ಲಿ ಅಷ್ಟು ಹಿಂದೆ ಸರಿಯಲು ಜಾಗವಿಲ್ಲ, ಬೆನ್ನಿಗೆ ಗೋಡೆ ತಾಗುತ್ತದೆ. ಆದುದರಿಂದ 35 ಮಿಲಿಮೀಟರಿನದೇ ಸರಿ. ಮೂರನೆಯದಾಗಿ, ಕ್ಯಾಮೆರಾದಲ್ಲಿ ಕೈನಡುಕವನ್ನು ಸರಿಪಡಿಸುವ ಏರ್ಪಾಡು ಇದೆ, ಲೆನ್ಸೇ ಬೇಡ ಎಂದು ಅವನ ಗೆಳೆಯನೊಬ್ಬ ಹೇಳಿದ್ದನಂತೆ. ಆ ಏರ್ಪಾಡು ತೆಗೆಯುವವನ ನಡುಕವನ್ನು ನಿಲ್ಲಿಸೀತು. ಎದುರಿಗೆ ಕೂತವರ ಚಲನೆಯನ್ನು ನಿಲ್ಲಿಸಲಾರದು. ಅದು ಕಲ್ಲಿಗೆ ಸಾಕು, ಅಜ್ಜಿಗೆ ಸಾಲದು. ಇಂದಿನ ಸಂವೇದಕಗಳು ಐಎಸ್ಒ 3200, 6400ರಲ್ಲಿಯೂ ಒಳ್ಳೆಯ ಚಿತ್ರ ಕೊಡುತ್ತವೆ. ಸಾಲೋಮೊನನ ಫಲಕಗಳಿಗೆ ಇದು ಕನಸಿನ ಮಾತು. ಹೀಗಿರುವಾಗ ಎಫ್ 1.8ನ್ನು ಮೀರಿ ಹೋಗಿ ಪಡೆಯುವ ಬೆಳಕಿಗೆ ನಾವು ಕೊಡುವ ಬೆಲೆ ಹೆಚ್ಚಾಯಿತೆಂದೇ ನನ್ನ ಅಭಿಪ್ರಾಯ. ಅವನು 35 ಮಿಲಿಮೀಟರಿನ ಎಫ್ 1.8ನ್ನೇ ಕೊಂಡ.

ಇಷ್ಟನ್ನೂ ಹೇಳಿದ ಮೇಲೆ ಮಾತೊಂದು ಉಳಿಯಿತು. ಸಾಲೋಮೊನನ ಮುಂದಿನ ಕಥೆಯನ್ನು ಹುಡುಗನೇ ಕೇಳಿದ. ಅವನು ಯೆಹೂದಿ. 1933ರಲ್ಲಿ ಹಿಟ್ಲರನ ಕೈಗೆ ಅಧಿಕಾರ ಬಂದ ಮೇಲೆ ಪತ್ನಿಯ ನಾಡಾದ ಹಾಲೆಂಡಿಗೆ ಹೋಗಿ, ತಾನು ದಣಿದ ಮಂತ್ರಿಗಳ ಚಿತ್ರ ತೆಗೆದಿದ್ದ ಅದೇ ಹೇಗ್ ನಗರದಲ್ಲಿ ನೆಲೆಸಿದ. ಜರ್ಮನರು ಅಲ್ಲಿಗೂ ಬಂದರು. ಅಡಗಿದ್ದ ಕುಟುಂಬ ಸಿಕ್ಕಿಬಿತ್ತು. 1944ರ ಜುಲೈ ತಿಂಗಳಲ್ಲಿ ಅವನು ಆಷ್‌ವಿಟ್ಸ್‌ನಲ್ಲಿ ಕೊಲ್ಲಲ್ಪಟ್ಟ. ಪತ್ನಿಯೂ ಕಿರಿಯ ಮಗನೂ ಬದುಕಲಿಲ್ಲ. ಇಂಗ್ಲೆಂಡಿಗೆ ಹೋಗಿದ್ದ ಹಿರಿಯ ಮಗ ಉಳಿದು, ತಂದೆಯ ಚಿತ್ರಗಳನ್ನು ಕಾಪಾಡಿದ. ಯುದ್ಧವನ್ನು ಇನ್ನು ಮಾಡುವುದಿಲ್ಲವೆಂದು ಸಹಿ ಹಾಕಿದವರ ನಡುವೆ ಕುಳಿತು ಅವರ ಮುಖಗಳನ್ನು ಇದ್ದ ಬೆಳಕಿನಲ್ಲಿಯೇ ಹಿಡಿದವನು, ಆ ಸಹಿಗಳು ಸುಳ್ಳಾದಾಗ ಬಲಿಯಾದ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದರೂ ಅವನು ಕದ್ದು ತೆಗೆದನಲ್ಲ ದೊಡ್ಡಪ್ಪ, ಅದು ಸರಿಯೆ?” ಎಂದ. ಒಳ್ಳೆಯ ಪ್ರಶ್ನೆ. ಫ್ಲಾಶಿಗೆ ಒಂದು ಪ್ರಾಮಾಣಿಕತೆಯಿತ್ತು; ಚಿತ್ರ ತೆಗೆದದ್ದು ಎದುರಿನವರಿಗೆ ಗೊತ್ತಾಗುತ್ತಿತ್ತು. ಚುರುಕು ಮಸೂರ ಬಂದ ಮೇಲೆ ಆ ಹೊಣೆ ಯಂತ್ರದಿಂದ ಕಳಚಿ ಮನುಷ್ಯನ ಮೇಲೆ ಬಿತ್ತು. ಅಧಿಕಾರದಲ್ಲಿರುವವರ ಎಚ್ಚರ ತಪ್ಪಿದ ಗಳಿಗೆಯನ್ನು ಕಾಣುವ ಹಕ್ಕು ಪ್ರಜೆಗಳಿಗೆ ಉಂಟೆಂದು ನಾನು ವಾದಿಸಬಲ್ಲೆ. ಕಟಕಟೆಯಲ್ಲಿ ನಿಂತ ಬಡಪಾಯಿಯ ವಿಷಯದಲ್ಲಿ ಹಾಗೆ ವಾದಿಸಲಾರೆ. ದೇವರ ಮುಂದೆ ಕಣ್ಣು ಮುಚ್ಚಿ ಕುಳಿತ ಮುದುಕಿಯ ವಿಷಯದಲ್ಲಿಯೂ ಇಲ್ಲ. ಅವನು ಹೋಗಿ ಅಜ್ಜಿಯನ್ನು ಕೇಳಿದ. “ಆ ಮಿಂಚು ಹೊಡೆಸಬೇಡ, ಅಷ್ಟೇ. ದೀಪದ ಮುಂದೆ ಏನು ಬೇಕಾದರೂ ಮಾಡಿಕೋ” ಎಂದರು.

ಆ ಸಂಜೆ ಅವನು ಮೂವತ್ತು ನಲವತ್ತು ಚಿತ್ರ ತೆಗೆದ. ಹಲವುಗಳಲ್ಲಿ ದೀಪ ಸ್ಫುಟ, ಅಜ್ಜಿ ಮಸುಕು. ಕೆಲವುಗಳಲ್ಲಿ ಮೂಗುತಿ ಮಾತ್ರ ಸ್ಫುಟ. ಒಂದರಲ್ಲಿ ಅರೆಮುಚ್ಚಿದ ಕಣ್ಣುಗಳೂ ತುಟಿಯೂ ಬಂದಿವೆ. ಹಿಂದಿನ ಗೋಡೆ ಕತ್ತಲೆಯಾಗಿಯೇ ಉಳಿದಿದೆ. ಸಂಜೆ ಆ ಹೊತ್ತಿಗೆ ಅದು ಕತ್ತಲೆಯಾಗಿಯೇ ಇರುತ್ತದೆ. ಪೆಟ್ಸ್‌ವಾಲನಿಂದ ಮೊದಲ್ಗೊಂಡು ಇಷ್ಟು ಜನ ಲೆಕ್ಕ ಹಾಕಿದ್ದು ಕತ್ತಲೆಯನ್ನು ಓಡಿಸುವುದಕ್ಕಲ್ಲ, ಮನುಷ್ಯರನ್ನು ಅವರವರ ಬೆಳಕಿನಲ್ಲಿಯೇ ಬಿಟ್ಟು ನೋಡುವುದಕ್ಕೆ ಎಂದು ನನಗೆ ಆಗ ತೋರಿತು. ಆ ಒಂದು ಚಿತ್ರವನ್ನು ಅಚ್ಚು ಹಾಕಿಸಿ ತಂದು ತಾಯಿಯವರ ಕೈಯಲ್ಲಿ ಕೊಟ್ಟಾಗ ಅವರು ಕಿಟಕಿಯ ಬಳಿ ಹೋಗಿ ನೋಡಿ, “ಬತ್ತಿ ಸ್ವಲ್ಪ ಓರೆಯಾಗಿತ್ತು” ಎಂದರು.

(ಬಾನುಲಿ ಭಾಷಣ)